ಮಗ್ಗದ ಮೇಲೆ ಬಿಟ್ಟ ಗೇಣು

ನನ್ನ ಮೊಮ್ಮಗಳು ಇವತ್ತು ಮಗ್ಗದ ಕೆಳಗಿನ ಕುಣಿಗೆ ಕಾಲಿಳಿಬಿಟ್ಟು ಕೂತಳು. ಸಂಜೆಯ ತನಕ ನೇಯ್ದಳು. ಓಣಿಯ ತುಂಬ ಹೇಳಿಕೊಂಡು ಬಂದೆ, ಹಿಟ್ಟಿನ ಗಿರಣಿಯವನಿಗೂ ಹೇಳಿದೆ. ಹೇಳಿದಷ್ಟೂ ಸಾಲದೆನಿಸಿ ಈಗ ಬರೆಯುತ್ತಿದ್ದೇನೆ. ಶಾಲೆ ಬೇಗ ಬಿಟ್ಟವಳು ನಾನು, ಅಕ್ಷರ ಡೊಂಕಾದರೆ ಆಗಲಿ.

ಇಳಕಲ್ಲಿನಲ್ಲಿ ನಾವು ಸೀರೆ ನೇಯುವವರು. ನನ್ನ ಮೊಣಕಾಲು ಸೋತ ಮೇಲೆ ಮೊಮ್ಮಗಳು ಸಾಹುಕಾರರ ಮಗ್ಗದ ಶೆಡ್ಡಿಗೆ ಹೋಗತೊಡಗಿದಳು. ಅವಳಿಗೆ ಎಲ್ಲವೂ ದಿನಾ ಒಂದೇ ಥರ ಆಗಬೇಕು. ಅದೇ ಬಟ್ಟಲಿನಲ್ಲಿ ಚಹಾ, ಅದೇ ಓಣಿ, ಎಡಗಾಲು ಮೊದಲು ಕುಣಿಗೆ. ಹಾಗಿದ್ದರೆ ಅವಳ ಕೈಗೆ ಎದುರಿಲ್ಲ. ನಡುವೆ ತಪ್ಪಿತೋ, ಮುಗಿಯಿತು.

ದೀಪಾವಳಿಗೆ ಚೊಳಚಗುಡ್ಡದ ಬೀಗರ ಮನೆಗೆ ಹೊರಡುವ ಮೊದಲು ಅವಳು ಹಟ ಹಿಡಿದು ಸೀರೆ ಮುಗಿಸಿದಳು. ಕೊಯ್ದು ಒಪ್ಪಿಸಿ, ಮಗ್ಗ ಒರೆಸಿ, ಹೂವೇರಿಸಿ ಬಂದಳು. ಎಲ್ಲರೂ ಹೊಗಳಿದರು. ನಮ್ಮ ಮನೆಯ ಹಿರಿಯರು ಹಬ್ಬಕ್ಕೆ ಹೋಗುವಾಗ ಹಾಗೆ ಮುಗಿಸುತ್ತಿರಲಿಲ್ಲ. ಒಂದು ಗೇಣು ನೇಯದೆ ಬಿಟ್ಟು, ಮೇಲೆ ಬಟ್ಟೆ ಹೊದಿಸಿ ಏಳುತ್ತಿದ್ದರು. ತಿರುಗಿ ಬಂದಾಗ ಕೈ ತನ್ನ ಜಾಗ ತಾನೇ ಹಿಡಿಯಲಿ ಎಂದು.

ಹಬ್ಬ ಮುಗಿಸಿ ಬಂದವಳು ಶೆಡ್ಡಿಗೆ ಹೋದಳು, ಖಾಲಿ ಮಗ್ಗ ನೋಡಿದಳು, ಮನೆಗೆ ಬಂದಳು.

“ಯಾಕ ಬಂದಿ?”

“ಎಲ್ಲಿಂದ ಹಿಡೀಬೇಕು ತಿಳೀವಲ್ದು ಆಯಿ. ಕುಣಿ ಬಾವಿ ಹಂಗ ಕಾಣತೈತಿ.”

ಮರುದಿನ ಗಿರಣಿಯ ತನಕ ಹೋಗಿ ತಿರುಗಿದಳು. ಆಮೇಲೆ ಹೊಸ್ತಿಲೇ ದಾಟಲಿಲ್ಲ. ಎರಡೂ ಗೋಡೆಯ ಆಚೆ ಮಗ್ಗದ ಸಪ್ಪಳ, ಅದು ಕೇಳಬಾರದೆಂದು ಕಿಟಕಿ ಮುಚ್ಚಿದಳು. ಮಗ ಸೊಸೆ ದುಡಿಯಲು ಹೋಗುತ್ತಿದ್ದರು. ಆ ಕತ್ತಲ ಕೋಣೆಯಲ್ಲಿ ಅವಳು, ಅವಳನ್ನು ಬಿಟ್ಟು ಹೋಗಲಾರದ ನಾನು. ಬೈದೆ, ರಮಿಸಿದೆ.

ಸಾಹುಕಾರರು ಬಾಗಿಲಲ್ಲೇ ನಿಂತು ಹೇಳಿದರು: “ಸೋಮವಾರದ ತನಕ ಕಾಯ್ತೇನಿ ಆಯಿ. ಆಮ್ಯಾಲ ಆ ಮಗ್ಗಕ್ಕ ಬ್ಯಾರೆಯವರನ್ನ ಕುಂದರಸ್ತೇನಿ.”

ತನ್ನ ಮಗ್ಗಕ್ಕೇ ಹೋಗಲಾರದವಳು ಹೊಸ ಶೆಡ್ಡಿಗೆ ಹೋಗುತ್ತಾಳೆಯೇ? ಈ ಜಾಗ ಹೋದರೆ ಆ ಕೋಣೆಯೇ ಅವಳಿಗೆ ಗತಿ ಎಂದು ನನಗೆ ಗೊತ್ತಿತ್ತು.

ರವಿವಾರ ಪಕ್ಕದ ಮನೆಯಾಕೆ ಕಮತಗಿಯ ತವರಿನಿಂದ ಬಂದಳು. ಅದೇ ಶೆಡ್ಡಿನಲ್ಲಿ ನೇಯುವವಳು, ನನ್ನ ಕೈಯಲ್ಲೇ ಕಲಿತವಳು, ಇನ್ನೂ ಗೇಣು ಬಿಟ್ಟೇ ಹಬ್ಬಕ್ಕೆ ಹೋಗುವವಳು. ಓಡಿ ಹೋಗಿ ಕೇಳಿದೆ: “ನಿನ್ನ ಗೇಣು ನನ್ನ ಮೊಮ್ಮಗಳಿಗೆ ಕೊಡು.”

“ಗಂಡನ್ನ ಕೇಳಿದ್ರ ಕೊಡ್ತಿದ್ದೆ ಆಯಿ. ಸೀರಿ ಕೇಳ್ತಿಯಲ್ಲ.”

ಅವಳ ಅಳುಕು ಸುಳ್ಳಲ್ಲ. ಕೈ ಬದಲಾದರೆ ಎಳೆ ಕೂಡಿಸುವ ಹಲಗೆಯ ಪೆಟ್ಟು ಬದಲಾಗುತ್ತದೆ, ಬಟ್ಟೆಯಲ್ಲಿ ಗೆರೆ ಬೀಳುತ್ತದೆ.

“ಇಬ್ಬರಿಗೂ ಹಲಗಿ ಹೊಡಿಯೋದು ಕಲಿಸಿದಾಕಿ ನಾನ. ಗೆರಿ ಬಿದ್ರ ಆ ಸೀರಿ ನಾ ಉಡ್ತೇನಿ.”

“ಹಸರ ಸೀರಿ ಐತಿ. ಮುದಿ ಗಿಣಿ ಹಂಗ ಕಾಣ್ತಿ,” ಎಂದು ನಕ್ಕಳು. ಒಪ್ಪಿದಳು.

ಇವತ್ತು ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಶೆಡ್ಡಿಗೆ ಕರೆದೊಯ್ದೆ. ಪಕ್ಕದ ಮನೆಯಾಕೆ ಗೇಣು ಬಿಟ್ಟಿದ್ದ ಸೀರೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಸಾಹುಕಾರರು ನೋಡುತ್ತಿದ್ದರು. ಅವಳು ಬಗ್ಗಿ ನೇಯ್ದ ಅಂಚನ್ನು ಬೆರಳಿನಿಂದ ಸವರಿದಳು.

“ಇದು ನಮ್ಮ ಪೆಟ್ಟ ಐತಿ ಆಯಿ.”

ಎಡಗಾಲು ಇಳಿಸಿದಳು.

ಗೇಣು ಮುಗಿಯಿತು. ಸಾಹುಕಾರರು ಸೀರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಗೆರೆ ಸಿಗಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ತಾನೇ ಎದ್ದು ತನ್ನ ಮಗ್ಗದ ಕಡೆ ಹೋದಳು. ತನ್ನ ಮಗ್ಗ ಬಿಟ್ಟುಕೊಟ್ಟ ಪಕ್ಕದ ಮನೆಯಾಕೆ ಅಲ್ಲಿ ಹೊಸ ಸೀರೆಗೆ ದಾರ ಹೂಡಿ, ಆಗಲೇ ನೇಯತೊಡಗಿದ್ದಳು.

“ಅಕ್ಕ, ಅತ್ತಾಗ ಸರಿ. ಅದು ನನ್ನ ಜಾಗಾ.”

“ನೋಡಿದ್ಯಾ ಆಯಿ, ಉಪಕಾರ ಮಾಡಿದ್ದಕ್ಕ ಎಬ್ಬಸ್ತಾಳ.”

ಸಂಜೆ ಕಿಟಕಿ ತೆರೆದು ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹಬ್ಬದ್ದು ಉಳಿದ ಶೇಂಗಾ ಹೋಳಿಗೆ. ಮಗ ತನ್ನ ಮಗಳ ತಾಟಿಗೆ ತಾನೇ ತುಪ್ಪ ಹಾಕಿದ.

“ನಾಳೆ ಚಾ ಲಗೂ ಇಡು ಅವ್ವಾ,” ಎಂದಳು ಅವಳು, “ನನ್ನ ಮಗ್ಗದ ಮ್ಯಾಲ ಹೊಸ ಸೀರಿ ಒಂದು ಗೇಣು ನೇಯ್ದು ಬಿಟ್ಟು ಬಂದೀನಿ.”

ಸೊಸೆ ಇನ್ನೊಂದು ರೊಟ್ಟಿ ಬಡಿಸಿದಳು. ನಾವು ಉಣ್ಣುತ್ತಾ ಕೂತೆವು.