ಶೀನಣ್ಣನ ಸ್ವರದಲ್ಲಿ ನಾನು ಹೇಳಿದ ಹೊತ್ತು

ಶೀನಣ್ಣ, ಆ ರೆಕಾರ್ಡಿಂಗಿನಲ್ಲಿ ಮಾತಾಡಿದ್ದು ನೀವಲ್ಲ, ನಾನು.

ಕಾಲೇಜಿನ ಕೊನೆಯ ವರ್ಷ ನಮ್ಮದೊಂದು ಸಂಶೋಧನೆ. ತಲ್ಲೂರಿನಲ್ಲಿ ಚಾರ್ಜಿಂಗ್ ಪಾಯಿಂಟ್ ಒಂದೇ, ಎಲೆಕ್ಟ್ರಿಕ್ ರಿಕ್ಷಾ ಐದು — ಯಾರು ಯಾವ ಹೊತ್ತಿಗೆ ಚಾರ್ಜಿಗೆ ಹಾಕಿದರೆ ಯಾರೂ ಕಾಯಬೇಕಾಗಿಲ್ಲ? ಒಬ್ಬೊಬ್ಬರು ಒಂದೊಂದು ರಿಕ್ಷಾದಲ್ಲಿ ಇಡೀ ದಿನ ಕೂತು ನೋಡಬೇಕಿತ್ತು. ನನ್ನ ಪಾಲಿಗೆ ಬಂದವರು ನೀವು, ನಿಮ್ಮ ಕೆರಾಡಿಯ ಟ್ರಿಪ್ಪು. ನಾನು ಹೋಗಲಿಲ್ಲ. ಯಾಕೆಂದರೆ — ಯಾಕೂ ಇಲ್ಲ. ಪಕ್ಕದಲ್ಲಿ ಮೀನಿನ ಬುಟ್ಟಿ, ಮುಂದೆ ಗುಂಡಿಬಿದ್ದ ರಸ್ತೆ. ಬ್ರಹ್ಮಾವರದ ಯುವರಾಜನಾದ ನನಗೆ ಆಗುವ ಕೆಲಸವೇ ಅದು! ಹಿಂದೊಮ್ಮೆ ಪ್ರಿನ್ಸಿಪಾಲರ ಸ್ವರವನ್ನೇ ಅನುಕರಿಸಿ ಕಾಲೇಜಿಗೆ ರಜೆ ಘೋಷಿಸಿದವನು ನಾನು. ರಿಕ್ಷಾ ಸ್ಟ್ಯಾಂಡಿನಲ್ಲಿ ನಿಮ್ಮ ಮಾತನ್ನು ಹತ್ತು ನಿಮಿಷ ಕೇಳಿದ್ದೆ, ಸಾಕಾಯಿತು. ಹಾಸ್ಟೆಲ್ ಕೋಣೆಯಲ್ಲಿ ಮೊಬೈಲ್ ಹಿಡಿದು, ನಿಮ್ಮ ಹಾಗೆಯೇ ಎರಡು ಸಲ ಕೆಮ್ಮಿ, ಶುರುಮಾಡಿದೆ:

“ಹನ್ನೆರಡಕ್ಕೆ ವಾಪಾಸ್ ಬತ್ತೆ. ಉಂಡ್ಕಂಡ್ ಒಂದ್ ನಿದ್ರಿ. ಆಗ ಚಾರ್ಜಿಗ್ ಹಾಕ್ಲಕ್ಕ್, ಎಂತ ತೊಂದ್ರಿ ಇಲ್ಲೆ.”

ಸಂಶೋಧನೆ ಮಾಡಿಸುತ್ತಿದ್ದ ನಮ್ಮ ಮೇಷ್ಟ್ರು ಅದನ್ನು ಕೇಳಿ, ಚಾರ್ಜಿಂಗ್ ವೇಳಾಪಟ್ಟಿಯಲ್ಲಿ ನಿಮಗೆ ಹನ್ನೆರಡು ಗಂಟೆ ಬರೆದರು.

ಆದರೆ ಹನ್ನೆರಡಕ್ಕೆ ನೀವು ತಲ್ಲೂರಿನಲ್ಲಿ ಇರುತ್ತಿದ್ದದ್ದು ಯಾವಾಗ? ದೋಣಿ ಬಂದ ಮೇಲೆ, ನಿಮ್ಮ ರಿಕ್ಷಾದಲ್ಲಿ ಮನೆಮನೆಗೆ ಮೀನು ಮಾರಲು ಹೋಗುವ ಗಿರಿಜಕ್ಕನ ಬುಟ್ಟಿ ತುಂಬಬೇಕು. ಕೆರಾಡಿಯ ಕೊನೆಯ ಮನೆಯಲ್ಲಿ ಅದು ಖಾಲಿಯಾದ ಮೇಲೆ ನೀವು ರಿಕ್ಷಾ ತಿರುಗಿಸಬೇಕು. ಬಂಗುಡೆ ಮೀನಿಗೆ ವೇಳಾಪಟ್ಟಿ ಗೊತ್ತೇ? ಒಂದು ದಿನ ಜೊತೆಗೆ ಕೂತಿದ್ದರೆ ನನಗೂ ಗೊತ್ತಾಗುತ್ತಿತ್ತು.

ತಿಂಗಳೊಳಗೆ ಜಗಳ. ನೀವು ಮೂರು ಗಂಟೆಗೆ ಬಂದರೆ ಪಾಯಿಂಟಿನಲ್ಲಿ ಬೇರೆಯವರ ಗಾಡಿ. ಮೇಷ್ಟ್ರು ಎಲ್ಲರನ್ನೂ ಸ್ಟ್ಯಾಂಡಿಗೆ ಕರೆದು, ಸಾಕ್ಷಿಗೆಂದು ಆ ರೆಕಾರ್ಡಿಂಗ್ ಹಾಕಿದರು.

“ಹ್ವಾಯ್ ಶೀನ, ಹೇಳೂದೊಂದ್, ಮಾಡೂದೊಂದಾ?” ಎಂದು ಯಾರೋ ನಕ್ಕರು.

ನೀವು ಮೊಬೈಲನ್ನು ಕಿವಿಗೆ ಒತ್ತಿ ಇನ್ನೊಮ್ಮೆ ಕೇಳಿದಿರಿ. “ಸ್ವರ ನಂದೇ ಅಲ್ದಾ... ನಾನೇ ಹೇಳಿರ್ಕ್. ನೆನ್ಪಿಲ್ಲೆ ಮಾರಾಯ್ರೆ. ಹೇಳ್ದ್ ಮೇಲೆ ಆಯ್ತ್, ನಡ್ಸ್ಕಂತೆ.”

ನಾನು ಒಂದು ಮೊಳ ದೂರದಲ್ಲಿ ನಿಂತಿದ್ದೆ. ಆಗ ನಾಚಿಕೆಯಾಯಿತು ಎಂದು ಬರೆದರೆ ಅದು ಎರಡನೆಯ ಸುಳ್ಳು. ಹೆಮ್ಮೆಯಾಯಿತು — ಶೀನಣ್ಣನೇ ನಂಬಿಬಿಟ್ಟರಲ್ಲ, ಎಂಥ ಕಲಾವಿದ ನಾನು!

ಆಡದ ಮಾತನ್ನು ಉಳಿಸಿಕೊಳ್ಳಲು ನೀವು ಕೆರಾಡಿಯ ಟ್ರಿಪ್ಪನ್ನೇ ಬಿಟ್ಟಿರಿ. ಗಿರಿಜಕ್ಕ ಬೇರೆ ಗಾಡಿ ಹಿಡಿದರು; ಅರ್ಧ ದಾರಿಯಲ್ಲಿ ಕೈಬಿಟ್ಟವನೆಂದು ಇವತ್ತಿಗೂ ನಿಮ್ಮನ್ನು ಬೈಯುತ್ತಾರಂತೆ. ನಮ್ಮ ವರದಿಗೆ ಬಹುಮಾನ ಬಂತು. ವೇದಿಕೆಯಲ್ಲಿ ನಾನೂ ಇದ್ದೆ, ಹಲ್ಲು ಕಿರಿದುಕೊಂಡು.

ವರ್ಷಗಳಾದ ಮೇಲೆ ಮೊನ್ನೆ ಬಸ್ಸಿನ ಕಿಟಕಿಯಿಂದ ಕಂಡೆ — ಮಧ್ಯಾಹ್ನ ಹನ್ನೆರಡರ ಬಿಸಿಲು, ರಿಕ್ಷಾ ಚಾರ್ಜಿನಲ್ಲಿ, ನೀವು ಅದರ ನೆರಳಿನಲ್ಲಿ ಕೂತಿದ್ದಿರಿ. ಇನ್ನೂ ಮಾತು ನಡೆಸಿಕೊಂಡೇ ಇದ್ದೀರಿ... ನಾನು ಇಳಿಯಲಿಲ್ಲ. ಅದನ್ನೂ ಈ ಪತ್ರದಲ್ಲಿ ಬರೆದಿಟ್ಟಿದ್ದೇನೆ.

ಮೇಷ್ಟ್ರಿಗೆ ಎಲ್ಲವನ್ನೂ ತಿಳಿಸಿಯಾಯಿತು. ಭಾನುವಾರ ಸ್ಟ್ಯಾಂಡಿಗೆ ಬಂದು ಎಲ್ಲರೆದುರು ಹೇಳುತ್ತೇನೆ. ಅದಕ್ಕೂ ಮೊದಲು ಗಿರಿಜಕ್ಕನ ಮನೆಗೆ ಹೋಗುತ್ತೇನೆ. ಇಷ್ಟು ವರ್ಷ ನೀವು ತಿಂದ ಬೈಗುಳ ನನ್ನದು.