ರಸಮಟ್ಟದಣ್ಣನ ಓರೆ ಜಗಲಿ

ಆ ಬಡಗಿಯನ್ನು ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಎಲ್ಲರ ಬಾಯಲ್ಲೂ ಅವರು ರಸಮಟ್ಟದಣ್ಣ. ರಸಮಟ್ಟ, ಅಂದರೆ ಮಟ್ಟ ನೋಡುವ ಆ ಗಾಜಿನ ಕೊಳವೆ, ಸದಾ ಅವರ ಜೇಬಿನಲ್ಲಿ. ಬೀಗರ ಮನೆಗೆ ಹೋದರೂ ಮೇಜಿನ ಮೇಲೆ ಅದನ್ನಿಟ್ಟು, ಗುಳ್ಳೆ ನಡುವೆ ನಿಲ್ಲದಿದ್ದರೆ ಮೇಜಿನ ಕಾಲಿನಡಿಗೆ ಕಾಗದ ಮಡಚಿ ತುರುಕಿ, ಆಮೇಲೆಯೇ ಟೀ ಲೋಟ ಮುಟ್ಟುವ ಆಸಾಮಿ. ಓರೆಯಾದದ್ದು ಕಣ್ಣಿಗೆ ಬಿದ್ದರೆ ಅವರಿಗೆ ಮೈಯೆಲ್ಲ ಉರಿ.

ಅವರ ಹೆಂಡತಿ, ಅಂದರೆ ನಮ್ಮೆಲ್ಲರ ಅತ್ತಿಗೆ, ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದರು. ಎರಡು ತಿಂಗಳ ನಂತರ ಗಾಲಿಕುರ್ಚಿಯಲ್ಲಿ ಮನೆಗೆ ಬರಬಹುದು ಎಂದರು ಡಾಕ್ಟರು. ಅತ್ತಿಗೆಗೆ ಮನೆ ಅಂದರೆ ಅಡುಗೆಮನೆಯ ಆಚೆಗಿನ ಮರದ ಜಗಲಿ. ತರಕಾರಿ ಹೆಚ್ಚುವುದು, ತಂಗಿಯೊಡನೆ ಫೋನಿನಲ್ಲಿ ಜಗಳವಾಡುವುದು ಎಲ್ಲ ಅಲ್ಲೇ. ಅದರ ಹಲಗೆಗಳೋ ಗೆದ್ದಲಿನ ಪಾಲಾಗಿದ್ದವು. ಅಣ್ಣ ಹಿಂದೆಮುಂದೆ ನೋಡದೆ ಒಂದೇ ದಿನದಲ್ಲಿ ಅಷ್ಟನ್ನೂ ಕಿತ್ತು ಗುಡ್ಡೆ ಹಾಕಿದರು. ಹೊಸದು ಕಟ್ಟಲು ಪರವಾನಗಿ ಬೇಕು ಅನ್ನುವುದು ಗೊತ್ತಾದದ್ದು ಆಮೇಲೆ.

ಪುರಸಭೆಯ ಕಚೇರಿಯಲ್ಲಿ ಅಣ್ಣ ಮೊಣಕೈ ಊರಿದ ಕೌಂಟರು ಅವರೇ ಮಾಡಿಕೊಟ್ಟದ್ದು. ಆ ಸಲಿಗೆಯಲ್ಲಿ ಸ್ವಲ್ಪ ಜಂಬದಿಂದಲೇ ಅರ್ಜಿ ಕೊಟ್ಟರು. ಗುಮಾಸ್ತೆ ಅದನ್ನು ತಿರುವಿ ನೋಡಿ ವಾಪಸು ತಳ್ಳಿದರು. ಸರ್ವೆ ನಕ್ಷೆ ಬೇಕಂತೆ, ಎಲ್ಲೆಯಿಂದ ಮೂರಡಿ ಬಿಡಬೇಕಂತೆ. ಎಲ್ಲೆ ಎಲ್ಲಿದೆ ಅಂತ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಅಣ್ಣ ವಾದಿಸಿದರು. ಗುಮಾಸ್ತೆ ಮುಂದಿನವರನ್ನು ಕರೆದರು.

ಸರ್ವೆ ಮಾಡುವ ಹೆಂಗಸು ಬಂದು ಮೂರು ಕಾಲಿನ ಯಂತ್ರ ನಿಲ್ಲಿಸಿ, ಪೊದೆಯಲ್ಲಿ ಮುಚ್ಚಿಹೋಗಿದ್ದ ಗಡಿಕಲ್ಲುಗಳನ್ನು ಹುಡುಕಿ ತೆಗೆದರು. ಆಮೇಲೆ ಬೇಲಿಯನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದರು.

"ಈ ಬೇಲಿ ಯಾರು ಹಾಕಿದ್ದು?"

ಅಣ್ಣ ಆಕಾಶ ನೋಡಿದರು. ಇಪ್ಪತ್ತು ವರ್ಷದ ಹಿಂದೆ ಹಾಕಿದವರು ಅವರೇ. ಕಲ್ಲುಗಳು ಓರೆಯಾಗಿ ಕಂಡಿದ್ದವು. ಯಾವನೋ ತಲೆಕೆಟ್ಟವನು ನೆಟ್ಟಿದ್ದಾನೆ ಎಂದುಕೊಂಡು, ಮನೆಯ ಗೋಡೆಗೆ ಸರಿಯಾಗಿ ದಾರ ಎಳೆದು ನೆಟ್ಟಗೆ ಬೇಲಿ ಹಾಕಿಬಿಟ್ಟಿದ್ದರು. ಹಾಗಾಗಿ ಅಡುಗೆಮನೆಯ ಬಾಗಿಲ ಬಳಿ ಪಕ್ಕದ ಮನೆಯವರ ಜಾಗ ಇವರ ಕಡೆ ಬಂದಿತ್ತು, ಹಿಂದಿನ ತುದಿಯಲ್ಲಿ ಇವರದು ಅವರ ಕಡೆ ಹೋಗಿತ್ತು. ಪಕ್ಕದ ಮನೆಯ ನಿವೃತ್ತ ಡ್ರೈವರು ಬಿದ್ದು ಬಿದ್ದು ನಕ್ಕರು. ತಾವು ಸಾಕಿದ ನಿಂಬೆಗಿಡ ಅಣ್ಣನ ಜಾಗದಲ್ಲಿದೆ ಎಂದು ತಿಳಿದಾಗ ಮಾತ್ರ ನಗು ನಿಲ್ಲಿಸಿ, ಗಿಡ ನಿಮ್ಮದೇ ಆಗಲಿ, ಹಣ್ಣು ಮಾತ್ರ ನನಗಿರಲಿ ಎಂದರು.

ಸರ್ವೆಯ ಲೆಕ್ಕದಂತೆ ಜಗಲಿಗೆ ಬಾಗಿಲ ಬಳಿ ನಾಲ್ಕಡಿ ಅಗಲ, ಹಿಂದಿನ ತುದಿಯಲ್ಲಿ ಏಳಡಿ ಸಿಗುತ್ತಿತ್ತು. ಓರೆ ಜಗಲಿ ಕಟ್ಟುವುದೇ? ಅಣ್ಣ ಉದ್ದಕ್ಕೂ ನಾಲ್ಕಡಿಯ ನೆಟ್ಟನೆಯ ನಕ್ಷೆ ಬರೆದು, ಖುಷಿಯಾಗಿ ಆಸ್ಪತ್ರೆಗೆ ಒಯ್ದು ತೋರಿಸಿದರು.

ಅತ್ತಿಗೆ ಅದನ್ನು ಬಹಳ ಹೊತ್ತು ನೋಡಿದರು. ಅವರ ಕುರ್ಚಿ ತಿರುಗಲು ಐದಡಿ ಬೇಕು ಎಂದು ನರ್ಸು ಆಗಲೇ ಹೇಳಿಕೊಟ್ಟಿದ್ದಳು.

"ಇದ್ರಲ್ಲಿ ನಾನು ತಿರುಗೋದೆಲ್ಲಿ?"

ಅದಕ್ಕೇನಂತೆ, ನಾನು ಹಿಂದಕ್ಕೆ ಎಳ್ಕೊಂಡು ಬರ್ತೀನಲ್ಲ ಎಂದರು ಅಣ್ಣ.

"ತಳ್ಳೋದು ನೀವು, ಎಳೆಯೋದೂ ನೀವು. ನಾನೇನು ಕೈಗಾಡಿನಾ?"

ಅಷ್ಟು ಹೇಳಿ ಅತ್ತಿಗೆ ಗೋಡೆಯ ಕಡೆ ಮುಖ ಮಾಡಿದರು. ಅಣ್ಣನಿಗೆ ಆ ದಿನ ಊಟ ಸೇರಲಿಲ್ಲ. ಎಲ್ಲವನ್ನೂ ಅಳೆಯುವ ತಾನು ಹೆಂಡತಿಯ ಕುರ್ಚಿಯನ್ನೇ ಅಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮರುದಿನ ಹಲ್ಲು ಕಚ್ಚಿಕೊಂಡು ಓರೆ ಗೆರೆ ಎಳೆದರು. ಗುಮಾಸ್ತೆ ಮೊಹರು ಒತ್ತುತ್ತಾ, ಇದೇನಣ್ಣ ನಿಮ್ಮ ಕೈಯಲ್ಲಿ ಸೊಟ್ಟ ನಕ್ಷೆ ಎಂದು ಕೆಣಕಿದರು. ಅಣ್ಣ ಕಾಗದ ಕಸಿದುಕೊಂಡು ಹೊರಟರು. ಮೂವತ್ತೊಂದು ಹಲಗೆ, ಒಂದರ ಉದ್ದ ಇನ್ನೊಂದಕ್ಕಿಲ್ಲ, ಪ್ರತಿಯೊಂದರ ತುದಿಯೂ ಓರೆ. ಎರಡು ವಾರ ಗೊಣಗುತ್ತಲೇ ಕೊಯ್ದು ಜೋಡಿಸಿದರು. ಡ್ರೈವರು ಬೇಲಿಯಾಚೆ ಕುರ್ಚಿ ಹಾಕಿಕೊಂಡು ಸಿನಿಮಾ ನೋಡಿದ ಹಾಗೆ ನೋಡಿದರು.

ಅತ್ತಿಗೆ ಮನೆಗೆ ಬಂದ ದಿನ ಅಣ್ಣ ಕುರ್ಚಿಯನ್ನು ತಳ್ಳಿಕೊಂಡು ಅಗಲದ ತುದಿಗೆ ತಂದು ನಿಲ್ಲಿಸಿದರು. ಹಿಡಿ ಬಿಡಲು ಮಾತ್ರ ಧೈರ್ಯ ಬರಲಿಲ್ಲ.

"ಕೈ ಬಿಡಿ," ಎಂದರು ಅತ್ತಿಗೆ.

ಬಿಟ್ಟರು. ಅತ್ತಿಗೆ ಒಂದು ಗಾಲಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ನೂಕಿ ನಿಧಾನವಾಗಿ ಒಂದು ಸುತ್ತು ಬಂದರು. ಉಸಿರು ತಗೊಂಡು, ಈ ಕಡೆಯಿಂದ ಇನ್ನೊಂದು ಸುತ್ತು. ಹಲಗೆಯ ಓರೆಯನ್ನು ಅವರು ನೋಡಲೂ ಇಲ್ಲ.

"ಎರಡು ತಿಂಗಳಾಯ್ತು ಕಣ್ರೀ," ಎಂದರು, "ನನ್ನ ಬೆನ್ನ ಹಿಂದೆ ಯಾರೂ ಇಲ್ದೆ."

ಅಣ್ಣನಿಗೆ ಅಲ್ಲೇ ನಿಂತು ಅವರನ್ನು ನೋಡುತ್ತಿರಬೇಕೆಂದು ಬಹಳ ಆಸೆಯಾಯಿತು. ಆದರೂ ಒಳಗೆ ಹೋಗಿ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡರು.