ನಾಲ್ಕು ಲೋಕದ ಯಶೋಧರಾ

ಏಪ್ರಿಲ್ ಬಂತೆಂದರೆ ಯಶೋಧರಾಗೆ ಈ ಲೋಕದ ಕಡೆ ಗಮನವೇ ಇರುವುದಿಲ್ಲ. ಮೇ ತಿಂಗಳಿಡೀ ಆನ್‌ಲೈನಿನಲ್ಲಿ ನಡೆಯುವ ಬೇಸಿಗೆ ಬರವಣಿಗೆಯ ಸ್ಪರ್ಧೆಗೆ ತಾನೇ ಕಟ್ಟಿದ ನಾಲ್ಕು ಲೋಕಗಳನ್ನು ಅಣಿ ಮಾಡಬೇಕಲ್ಲ! ಶಿಕಾರಿಪುರದ ಕಾಲೇಜಿನ ಆಫೀಸಿನಲ್ಲಿ ಟೈಪು ಮಾಡುತ್ತಲೇ ಒಂದು ಲೋಕಕ್ಕೆ ಎರಡನೇ ಚಂದ್ರನನ್ನು ತೂಗುಹಾಕುತ್ತಾಳೆ. ಆನವಟ್ಟಿ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಇನ್ನೊಂದರ ಸಮುದ್ರ ಬತ್ತಿಸುತ್ತಾಳೆ. ಎಷ್ಟು ದೂರದ ಲೋಕವಾದರೂ ಊರಿನ ವಾಸನೆ ಮಾತ್ರ ಬಿಡದು. ಮೋಡದ ಹಡಗಿನಲ್ಲೂ ಕಂಡಕ್ಟರ್ "ಒಳಗ್ ಹೋಗ್ರಿ, ಒಳಗ್ ಹೋಗ್ರಿ" ಎಂದು ಕೂಗುತ್ತಾನೆ. ಬೆಂಕಿ ಉಗುಳುವ ರಾಕ್ಷಸರು ಯುದ್ಧಕ್ಕೆ ಮುಂಚೆ "ಊಟ ಆತೇನ್ರಿ?" ಎಂದು ವಿಚಾರಿಸಿಕೊಳ್ಳುತ್ತಾರೆ. ಬಾಡಿಗೆ ಮನೆಯಲ್ಲಿ ಜೊತೆಗಿರುವ ಗೆಳತಿ ನಾಗಶ್ರೀ "ಸಾರಿಗೆ ಉಪ್ಪು ಹಾಕಿದೀಯೇನೇ?" ಎಂದರೆ, "ತಡಿಯೇ, ಮೂರನೇ ಲೋಕಕ್ಕೆ ಇನ್ನೂ ಮಳೇನೇ ಬಂದಿಲ್ಲ" ಎನ್ನುತ್ತಾಳೆ. ನಾಲ್ಕು ಲೋಕಕ್ಕೂ ನಾಲ್ಕು ಭಾಷೆ, ಎಲ್ಲ ಅವಳೇ ಹುಟ್ಟಿಸಿದ್ದು. ಮೊನ್ನೆ ನಾಗಶ್ರೀ ಆ ಭಾಷೆಗಳ ಪದಪಟ್ಟಿಯನ್ನೆಲ್ಲ ಓದಿ, "ಎಲ್ಲಾ ಐತಿ, ಹೊಸಬರು ಬಂದ್ರೆ 'ನೀವು ಯಾವ ಜನ?' ಅಂತ ಕೇಳೋ ಮಾತೇ ಇಲ್ವಲ್ಲೇ, ಮರ್ತೆಯಾ?" ಎಂದಳು. ಈ ಮನೆ ಬಾಡಿಗೆಗೆ ಸಿಗುವ ಮೊದಲು ಬಾಗಿಲು ಬಾಗಿಲಿನಲ್ಲೂ ಅದೇ ಮಾತಿಗೆ ಉತ್ತರ ಕೊಟ್ಟು, "ಮನೆ ಖಾಲಿ ಇಲ್ರಿ" ಎನ್ನಿಸಿಕೊಂಡು ತಿರುಗಿದವಳು ಯಶೋಧರಾ. ಸೌಟು ಕೈಯಲ್ಲಿ ಹಿಡಿದೇ ನಕ್ಕಳು: "ನಾಲ್ಕು ಭಾಷೇಲೂ ಆ ಒಂದು ಮಾತು ಹುಟ್ಟದಂಗೆ ನೋಡ್ಕಳಕ್ಕೇ ಕಣೇ ಇಷ್ಟು ದಿನ ಹಿಡ್ದಿದ್ದು."